ಮಂಡಿ ಅಕ್ಕನ ಮನೆಯಲ್ಲಿ ಉಳಿದ ಡಬ್ಬಿಗಳು

ಅಂತರಕಾಲೇಜು ಚರ್ಚಾಸ್ಪರ್ಧೆಯಲ್ಲಿ ನಾನು ಗೆದ್ದ ವಿಷಯ ಇದು: ಉಚಿತ ಊಟ ಹಸಿವನ್ನು ನೀಗಿಸುವುದಿಲ್ಲ, ಮುಚ್ಚಿಡುತ್ತದೆ. ನಾನು ಪರ. ವಿರೋಧಕ್ಕೆ ನಿಂತವನು ನಮ್ಮ ಕ್ಲಾಸಿನವನೇ. ಅವರಪ್ಪನಿಗೆ ಕೋಲಾರದ ಟೊಮ್ಯಾಟೊ ಮಂಡಿಯಲ್ಲಿ ಸಣ್ಣ ವ್ಯಾಪಾರ, ಮನೆಯಲ್ಲಿ ದಖನಿ ಮಾತು, ವೇದಿಕೆ ಹತ್ತಿದರೆ ನನಗಿಂತ ಚೊಕ್ಕ ಕನ್ನಡ. ಅವನು ವಾದ ಮಾಡುವುದು ಬಿಟ್ಟು, ತಾನು ಊಟ ಕೊಟ್ಟು ಬಂದ ಮನೆಗಳ ಕತೆ ಹೇಳಿದ. ನಾನು ಎದ್ದು, "ಎದುರಾಳಿಗಳು ನಮ್ಮ ಕಣ್ಣಲ್ಲಿ ನೀರು ತರಿಸಿದ್ದಾರೆ, ಉತ್ತರ ತಂದಿಲ್ಲ" ಅಂದೆ. ಚಪ್ಪಾಳೆ ಬಿತ್ತು.

ಕೆಳಗಿಳಿದು ಬಂದಾಗ ಅವನು ಚಪ್ಪಲಿ ಹಾಕಿಕೊಳ್ಳುತ್ತಿದ್ದ.

"ಗೆದ್ದೆ ಅಲ್ವಾ ವಕೀಲಮ್ಮ? ಭಾನುವಾರ ಬಾ. ಬೀನ್ಸ್ ನಾರು ತೆಗೆಯೋಕೆ ಜನ ಕಮ್ಮಿ ಇದಾರೆ."

ಹೋದೆ. ಕರುಣೆಯಿಂದ ಅಲ್ಲ. ಮುಂದಿನ ಸುತ್ತಿನಲ್ಲಿ ಇದೇ ವಿಷಯ ಬಂದರೆ ಕಣ್ಣಾರೆ ಕಂಡ ಸಾಕ್ಷಿ ಇರಲಿ ಅಂತ.

ಊರಾಚೆ, ಶ್ರೀನಿವಾಸಪುರದ ರಸ್ತೆಗೆ ತಾಗಿಕೊಂಡ ಬಡಾವಣೆಯಲ್ಲಿ ಒಂದು ಮನೆ. ಅದರ ಹಿತ್ತಲಲ್ಲಿ ತಗಡಿನ ಶೀಟು, ಶೀಟಿನ ಕೆಳಗೆ ಎರಡು ಗ್ಯಾಸ್ ಒಲೆ. ಮನೆ ಒಬ್ಬ ಅಕ್ಕಂದು. ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ, ಕಂಪನಿ ಬಸ್ಸಲ್ಲಿ ಹೋಗಿ ಬರೋದು; ನಾವೆಲ್ಲ ಅವಳನ್ನ ಶಿಫ್ಟ್ ಅಕ್ಕ ಅಂತಲೇ ಕರೀತಿದ್ದೆವು. ನಮಗಿಂತ ಆರೇಳು ವರ್ಷ ದೊಡ್ಡವಳು ಇದ್ದಾಳು. ನೈಟ್ ಶಿಫ್ಟಿನ ವಾರಗಳಲ್ಲಿ ಬೆಳಿಗ್ಗೆ ಬಸ್ಸಿಳಿದು ಬಂದು, ಮುಖ ತೊಳೆದು, ಐಡಿ ಕಾರ್ಡು ಕೊರಳಲ್ಲಿರುವ ಹಾಗೇ ಹಿಟ್ಟು ತೊಳಸೋಕೆ ನಿಲ್ಲುತ್ತಿದ್ದಳು. ಫಸ್ಟ್ ಶಿಫ್ಟ್ ಇದ್ದರೆ ಅಡಿಗೆ ನಮ್ಮ ಪಾಲಿಗೆ. ಆ ವಾರ ಊಟ ಮಾಡಿದವರ ಪುಣ್ಯ ಅವರಿಗೆ.

ಕೆಲಸ ಹೀಗೆ: ಮಂಡಿಯ ಹರಾಜು ಮುಗಿದ ಮೇಲೆ ಉಳಿದ ಹಣ್ಣು, ಮಾಲೂರು ಕಡೆಯಿಂದ ಬಂದು ಮಾರಾಟವಾಗದ ಬೀನ್ಸು, ಕೋಸು, ಇವನ್ನು ನಮ್ಮ ಕ್ಲಾಸಿನ ಆ ಹುಡುಗ ಅವರಪ್ಪನ ಲಗೇಜ್ ಆಟೋದಲ್ಲಿ ತರೋದು. ರಾಗಿ ಶಿಫ್ಟ್ ಅಕ್ಕನ ತವರು ಮಾಸ್ತಿಯಿಂದ. ಕಾಲೇಜಿನ ನಾಲ್ಕೈದು ಜನ ಸರದಿ ಮೇಲೆ ಬಂದು ಹೆಚ್ಚಿ, ಬೇಯಿಸಿ, ಸ್ಟೀಲ್ ಡಬ್ಬಿಗಳಿಗೆ ತುಂಬಿ, ಮಧ್ಯಾಹ್ನದೊಳಗೆ ಮನೆಮನೆಗೆ ಮುಟ್ಟಿಸೋದು. ಒಲೆ ಮುಂದೆ ನಿಲ್ಲೋಕೆ ಆಗದವರ ಮನೆಗಳು ಮಾತ್ರ. ಕಾಯಿಲೆಯವರು, ಬಾಣಂತಿಯರು, ಕೈ ಮುರಿದುಕೊಂಡ ಗಾರೆ ಕೆಲಸದವರು.

ಮೊದಲನೇ ದಿನವೇ ಕೇಳಿದ್ದೆ: "ರೇಷನ್ ಅಕ್ಕಿ ಎಲ್ಲರಿಗೂ ಬರುತ್ತಲ್ಲ ಅಕ್ಕಾ, ಹಸಿವು ಎಲ್ಲಿಂದ ಬಂತು?"

ಶಿಫ್ಟ್ ಅಕ್ಕ ಕೋಲು ತಿರುಗಿಸೋದು ನಿಲ್ಲಿಸಲಿಲ್ಲ. "ಅಕ್ಕಿ ಬರುತ್ತೆ ಕಣೇ. ತಾನಾಗೇ ಬೇಯೋ ಅಕ್ಕಿ ಇನ್ನೂ ಬಂದಿಲ್ಲ. ಆ ಮೆಣಸಿನಕಾಯಿ ತೊಟ್ಟು ಬಿಡಿಸು."

ಡಬ್ಬಿ ವಿಷಯದಲ್ಲಿ ಅವಳು ಫ್ಯಾಕ್ಟರಿಯ ಶಿಸ್ತನ್ನೇ ತಂದಿದ್ದಳು. ಇವತ್ತು ಕೊಟ್ಟ ಡಬ್ಬಿ ನಾಳೆ ವಾಪಸ್. ಡಬ್ಬಿ ಕೈಗೆ ಬಂದ ತಕ್ಷಣ ಅಲ್ಲೇ ಮುಚ್ಚಳ ತೆಗೆದು, ಒಳಗೆ ಏನು ಮಿಕ್ಕಿದ್ದರೂ ಆಟೋದಲ್ಲಿಟ್ಟ ಕಲಗಚ್ಚಿನ ಬಕೆಟ್ಟಿಗೆ ಸುರಿದು ಬರಬೇಕು. ಇಲ್ಲದಿದ್ದರೆ ಬಿಸಿಲಿಗೆ ಹುಳಿತು, ಮನೆ ಸೇರೋ ಹೊತ್ತಿಗೆ ಆಟೋ ನಾರುತ್ತಿತ್ತು. ಬಕೆಟ್ಟು ಪಕ್ಕದ ಮನೆಯ ಹಸುವಿಗೆ ಹೋಗುತ್ತಿತ್ತು. ಅದರ ಬದಲು ಅವರು ದಿನಾ ಒಂದು ಲೋಟ ಹಾಲು ಕೊಡೋರು, ನಮ್ಮ ಟೀಗೆ. ಒಳ್ಳೆಯ ನಿಯಮ. ಎಲ್ಲದಕ್ಕೂ ತಕರಾರು ತೆಗೆಯುವ ನಾನೂ ಅದಕ್ಕೆ ತೆಗೆದಿರಲಿಲ್ಲ.

ಮಂಡಿ ಅಕ್ಕ ಅಂತ ನಾವು ಕರೀತಿದ್ದವರು ಆ ಮನೆಗಳಲ್ಲಿ ಒಬ್ಬರು. ಮುಳಬಾಗಿಲು ಕಡೆಯವರು, ಮಾತಿನಲ್ಲಿ ಅರ್ಧ ತೆಲುಗು. ಟೊಮ್ಯಾಟೊ ಮಂಡಿಯಲ್ಲಿ ಹಣ್ಣು ಆರಿಸೋ ಕೆಲಸ ಮಾಡುತ್ತಿದ್ದರು. ಕೆಮ್ಮು ಹಿಡಿಯಿತು, ಮೈ ಇಳಿಯಿತು, ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿ ಅಂದರು. ವಠಾರದ ಕೊನೆಯ ರೂಮಿನಲ್ಲಿ ಒಬ್ಬರೇ. ತಿಂಗಳುಗಟ್ಟಲೆ ಮಾತ್ರೆ ತಪ್ಪದೆ ನುಂಗಬೇಕು. ಆಗಲೇ ಸಾಕಷ್ಟು ವಾರ ನುಂಗಿದ್ದರಿಂದ ಇನ್ನು ಬೇರೆಯವರಿಗೆ ಹರಡೋದಿಲ್ಲ ಅಂತ ಡಾಕ್ಟರು ಹೇಳಿದ್ದರು. ಆದರೆ ಹೊಟ್ಟೆಗೆ ಏನೂ ಇಲ್ಲದಿದ್ದರೆ ಆ ಮಾತ್ರೆ ಅವರಿಗೆ ದಕ್ಕುತ್ತಿರಲಿಲ್ಲ. ನಮ್ಮ ಡಬ್ಬಿ ಹೋಗುತ್ತಿದ್ದುದು ಅದಕ್ಕೇ.

ಒಂದು ವಾರ ಆ ಮನೆಯಿಂದ ಡಬ್ಬಿಗಳು ವಾಪಸ್ ಬರೋದು ನಿಂತುಹೋಯಿತು.

"ನಾಳೆ ಕೊಡ್ತೀನಿ ಅಂತಾರೆ," ಅಂದ ನಮ್ಮ ಹುಡುಗ. ಮಾರನೇ ದಿನವೂ ಅದೇ. ಕೊನೆಗೆ ಬೇರೆ ಮನೆಗೆ ಕಳಿಸೋಕೆ ಡಬ್ಬಿ ಸಾಲದೆ, ಶಿಫ್ಟ್ ಅಕ್ಕನ ಮನೆಯ ಉಪ್ಪಿನಕಾಯಿ ಡಬ್ಬ ಖಾಲಿ ಮಾಡಿ ಅದರಲ್ಲಿ ಸಾರು ಕಳಿಸಿದೆವು. ಅದಾದ ಮೇಲೆ ಒಂದು ದಿನ ಅವನು, ಕೊಡೋಕೆ ಒಯ್ದ ಡಬ್ಬಿಯನ್ನು ಹಾಗೇ ಹಿಡಿದುಕೊಂಡು ವಾಪಸ್ ಬಂದ. "ವದ್ದು ಅಂದುಬಿಟ್ರು. ಬೇಡವಂತೆ. ಇನ್ಮೇಲೆ ಬರ್ಬೇಡ ಅಂದ್ರು. ಬಾಗ್ಲೂ ಪೂರ್ತಿ ತೆಗೀಲಿಲ್ಲ."

ಎರಡು ದಿನ ಬಿಟ್ಟು ಒಂದು ಸಂಜೆ ಆ ಬೀದಿಯ ಆಶಾ ಕಾರ್ಯಕರ್ತೆ ಶಿಫ್ಟ್ ಅಕ್ಕನಿಗೆ ಫೋನು ಮಾಡಿದರು. ಮಂಡಿ ಅಕ್ಕ ಮಾತ್ರೆ ಬಿಟ್ಟಿದ್ದಾರೆ, ನಡುವೆ ಬಿಟ್ಟರೆ ಕಾಯಿಲೆ ಮೊದಲಿಗಿಂತ ಮೊಂಡಾಗಿ ತಿರುಗಿ ಬರುತ್ತೆ, ನೀವಾದರೂ ಹೇಳಿ, ನನ್ನ ಮಾತು ಕೇಳ್ತಿಲ್ಲ.

ಹಿತ್ತಲಲ್ಲಿ ಕೂತು ಮಾತಾಡಿದೆವು. ನಾನು ನನ್ನ ಅಭ್ಯಾಸದಂತೆ ಒಂದೊಂದೇ ಸಾಧ್ಯತೆ ಮುಂದಿಟ್ಟೆ. ಡಬ್ಬಿ ಮಾರಿಕೊಂಡಿರಬಹುದು, ಕೇಳ್ತಾರೆ ಅಂತ ಊಟವೂ ಬೇಡ ಅಂತಿರಬಹುದು. ಅಥವಾ ದಿನಾ ಆಟೋ ಬಂದು ನಿಲ್ಲೋದು ನೋಡಿ ವಠಾರದವರು ಕಾಯಿಲೆ ವಿಷಯ ಆಡಿಕೊಂಡಿರಬಹುದು. ಅಥವಾ ನಮ್ಮ ಅಡಿಗೆಯೇ ಸೇರದೆ ಇರಬಹುದು.

"ಮೂರನೇದು ನಂಬ್ತೀನಿ," ಅಂದ ಅವನು. "ನಿನ್ನ ಮುದ್ದೆ ನಾನೂ ತಿಂದಿದೀನಿ."

"ಸುಮ್ನಿರೋ. ನಿನ್ನ ಮುಖ ನೋಡೇ ಬಾಗ್ಲು ಹಾಕ್ಕೊಂಡಿರ್ತಾರೆ."

"ಹಾಗಾದ್ರೆ ನಿನ್ನ ಮುಖ ತಗೊಂಡು ಹೋಗು."

ಶಿಫ್ಟ್ ಅಕ್ಕ ನಗಲಿಲ್ಲ. "ಹೋಗಿ ಬಾ ಕಣೇ," ಅಂದಳು ನನಗೆ. "ವಾದ ಮಾಡ್ಬೇಡ. ಕೂತ್ಕೊಂಡು ಕೇಳ್ಕೊಂಡು ಬಾ."

ಮಾರನೇ ದಿನ ಹೋದೆ. ಬಾಗಿಲು ಅರ್ಧ ತೆರೆದಿತ್ತು. ಮಂಡಿ ಅಕ್ಕ ಗೋಡೆಗೊರಗಿ ಕೂತಿದ್ದರು. ನಾನು ಮೊದಲು ನೋಡಿದ್ದಕ್ಕಿಂತ ಅವರ ಕೊರಳು ಸಣ್ಣದಾಗಿತ್ತು, ಅದಕ್ಕೆ ಕಣ್ಣು ದೊಡ್ಡದಾಗಿ ಕಾಣುತ್ತಿತ್ತು. "ಬಾ ಅಮ್ಮಾಯಿ" ಅಂದರು. ಆದರೆ ಅವರು ತೋರಿಸಿದ್ದು ಹೊಸ್ತಿಲ ಆಚೆಯ ಜಾಗ. ನಾನು ಒಳಗೇ ಬಂದು ಕೂತೆ.

ಎದುರಿನ ಗೂಡಿನಲ್ಲಿ ನಮ್ಮ ಡಬ್ಬಿಗಳು. ಒಂದೂ ಕಮ್ಮಿಯಿಲ್ಲ. ಬೂದಿ ಹಾಕಿ ತಿಕ್ಕಿ, ತೊಳೆದು, ಒರೆಸಿ, ಸಾಲಾಗಿ ಬೋರಲು ಹಾಕಿದ್ದರು. ನಮ್ಮ ಹಿತ್ತಲಲ್ಲಿ ಅವು ಯಾವತ್ತೂ ಹಾಗೆ ಹೊಳೆದಿರಲಿಲ್ಲ.

"ಎಲ್ಲಾ ಇಲ್ಲೇ ಇದ್ಯಲ್ಲಕ್ಕಾ! ದಿನಾ ನಾಳೆ ಕೊಡ್ತೀನಿ ಅಂದ್ರಂತೆ?"

"ಖಾಲಿ ಡಬ್ಬಿ ಹೆಂಗೆ ಕೊಡ್ಲಿ?"

ನನಗೆ ಅರ್ಥವಾಯಿತು, ನಿಜವಾಗಿ. ನಮ್ಮ ಮನೆಯಲ್ಲೂ ಪಕ್ಕದ ಮನೆಯ ಪಾತ್ರೆಯನ್ನು ಅಮ್ಮ ಬರಿದಾಗಿ ವಾಪಸ್ ಕಳಿಸಿದವರಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆ, ಒಂದು ಅಡಿಕೆ, ಎರಡು ಮಲ್ಲಿಗೆ ಮೊಗ್ಗಾದರೂ ಒಳಗೆ ಬೀಳಬೇಕು. ಆದರೆ ಅರ್ಥವಾದ ಕೂಡಲೇ ಬಾಯಿ ತನ್ನ ಕೆಲಸ ಶುರು ಮಾಡಿತು.

"ಅಕ್ಕಾ, ಅದು ಮನೆಮನೆ ನಡುವಿನ ಪದ್ಧತಿ. ಇದು ಹಾಗಲ್ಲ. ಇಷ್ಟು ಮನೆಗೆ ಕೊಡ್ತೀವಿ, ಎಲ್ಲರೂ ಖಾಲೀನೇ ಕೊಡ್ತಾರೆ."

"ಅವ್ರು ಕೊಡ್ಲಿ. ನಮ್ಮಮ್ಮ ನಂಗೆ ಹಂಗೆ ಕಲಿಸಿಲ್ಲ."

"ಸರಿ, ಹಂಗಾದ್ರೆ ಒಂದು ಚೂರು ಬೆಲ್ಲ ಹಾಕಿ ಕೊಡಿ. ಮುಗೀತಲ್ಲ?"

ಗೆದ್ದೆ ಅಂದುಕೊಂಡೆ. ಅವರು ನಕ್ಕರು. ನಗು ಕೆಮ್ಮಾಯಿತು, ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿದರು. ಕೆಮ್ಮು ಇಳಿಯೋವರೆಗೂ ಹಾಗೇ ಇದ್ದು, ಗೋಡೆಗೇ ಹೇಳುವ ಹಾಗೆ ಹೇಳಿದರು.

"ಹಾಕ್ದೆ ಅಮ್ಮಾಯಿ. ಮೊದ್ಲು ಏಳೋಕೇ ಆಗ್ತಿರ್ಲಿಲ್ಲ, ಹಂಗೇ ಕೊಟ್ಬಿಡ್ತಿದ್ದೆ. ನಮ್ಮಕ್ಕ ಆವನಿಯಿಂದ ಕಡ್ಲೆಕಾಯಿ ತಂದಿದ್ಲು. ಬೀಜ ಬಿಡಿಸಿ, ಹುರಿದು, ಸಿಪ್ಪೆ ಉಜ್ಜಿ ಊದಿ, ಬೆಲ್ಲ ಕುಟ್ಟಿ ಸೇರಿಸಿ ಡಬ್ಬಿಗೆ ತುಂಬಿದೆ. ಕೂತು ಕೂತು ಮಾಡಿದ್ದು, ಅರ್ಧ ದಿನ ಹಿಡೀತು. ಆ ಹುಡುಗ ಬಂದ. ಕೈಗೆ ಕೊಟ್ಟೆ. ಮುಚ್ಚಳ ತೆಗೆದ, ಬಕೆಟ್ಟಿಗೆ ಸುರಿದ. ಅಷ್ಟೇ. ನಾನು ಬಾಗ್ಲಲ್ಲೇ ನಿಂತಿದ್ದೆ."

ನಾನು ಏನೋ ಹೇಳೋಕೆ ಹೋದೆ.

"ಅವನನ್ನ ಬೈಬೇಡ. ಒಳ್ಳೆ ಹುಡುಗ, ದಿನಾ ಹೆಂಗಿದ್ದೀಯಕ್ಕಾ ಅಂತ ಕೇಳ್ತಾನೆ. ಈ ಕಾಯಿಲೆ ಇರೋ ಮನೇದು ಯಾರು ತಿಂತಾರೆ? ನಾನೇ ಆಗಿದ್ರೂ ತಿಂತಿದ್ನೋ ಇಲ್ವೋ. ಆಮೇಲೆ ತುಂಬಿ ಕೊಡೋಕೂ ಆಗ್ಲಿಲ್ಲ, ಖಾಲಿ ಕೊಡೋಕೂ ಆಗ್ಲಿಲ್ಲ. ಅದಕ್ಕೇ, ಅವನಿಗೂ ಬೇಜಾರು ಬೇಡ, ನಂಗೂ ಬೇಡ. ವದ್ದು. ಡಬ್ಬಿ ತಗೊಂಡು ಹೋಗು. ಖಾಲಿ ಕೊಡ್ತಿದೀನಿ ಅಂತ ತಪ್ಪು ತಿಳ್ಕೋಬೇಡ."

"ಮಾತ್ರೆ, ಅಕ್ಕಾ?"

"ಬರೀ ಹೊಟ್ಟೆಗೆ ನುಂಗಿದ್ರೆ ಎಲ್ಲಾ ಆಚೆ ಬರುತ್ತೆ. ಯಾಕೆ ನುಂಗ್ಲಿ?"

ನಾನು ಎದ್ದೆ. ಡಬ್ಬಿಗಳನ್ನು ತರಲಿಲ್ಲ. ತಂದರೆ ಈ ಮನೆಯ ಲೆಕ್ಕ ಮುಗಿಯಿತು ಅಂತಾಗುತ್ತಿತ್ತು. "ನಾಳೆ ಬರ್ತೀನಿ" ಅಂದೆ.

ಹಿತ್ತಲಲ್ಲಿ ನಮ್ಮ ಹುಡುಗ ಆಟೋದ ಹಿಂದಿನ ಹಗ್ಗ ಬಿಚ್ಚುತ್ತಿದ್ದ. ಹೇಳಿದೆ. ಅವನ ಕೈ ನಿಂತಿತು.

"ನಾನಾ?"

"ನೀನೇ."

"ಯಾವತ್ತು?" ಅಂದ. ಅವನಿಗೆ ನೆನಪೇ ಇರಲಿಲ್ಲ. ಅದೇ ಅವನನ್ನು ಕೊಂದದ್ದು. ಬೇಕಂತ ಎಸೆದಿದ್ದರೆ ನೆನಪಿರುತ್ತಿತ್ತು. ದಿನಾ ಅಷ್ಟು ಮುಚ್ಚಳ ತೆಗೆದು ಸುರಿಯುವ ಕೈ, ಅವತ್ತೂ ಸುರಿದಿತ್ತು. "ಕಾಳೋ ಏನೋ ಸದ್ದಾಯ್ತು ಅನ್ಸುತ್ತೆ," ಅಂದ ಆಮೇಲೆ. "ಪಲ್ಯ ಒಣಗಿದೆ ಅಂದ್ಕೊಂಡೆ." ಆಟೋದ ಹಿಂದಿನ ಹಲಗೆ ಮೇಲೆ ಕೂತುಬಿಟ್ಟ. "ರಂಜಾನ್ ಹಬ್ಬಕ್ಕೆ ಅಮ್ಮಿ ಬೀದಿಗೆಲ್ಲ ಶೀರ್‌ಖುರ್ಮ ಕಳಿಸ್ತಾಳಲ್ಲ, ವಾಪಸ್ ಬರೋ ಪಾತ್ರೆಗಳಲ್ಲಿ ಸಕ್ಕರೆ, ಬಾಳೆಹಣ್ಣು. ಮನೆಗೆ ಬರೋಷ್ಟರಲ್ಲಿ ಸಕ್ಕರೆ ಎಲ್ಲಾ ನಾನೇ ನೆಕ್ಕಿರ್ತಿದ್ದೆ. ನಂಗೆ ಗೊತ್ತಿಲ್ಲದೇ ಇರೋ ವಿಷಯ ಏನಲ್ಲ ಇದು."

ಶಿಫ್ಟ್ ಅಕ್ಕ ಕೆಲಸ ಮುಗಿಸಿ ಬಂದು ಕೇಳಿಸಿಕೊಂಡಳು. ಬಕೆಟ್ಟಿನ ನಿಯಮ ಅವಳದು, ಆದರೆ ಅವಳು ಮುಖ ಸಣ್ಣ ಮಾಡಿಕೊಂಡು ಕೂರೋ ಪೈಕಿ ಅಲ್ಲ. "ಸುಲಭದ ದಾರಿ ಒಂದಿದೆ," ಅಂದಳು. "ಆ ಮನೆಗೆ ಕವರಲ್ಲಿ ಕಟ್ಟಿ ಕೊಡೋಣ. ವಾಪಸ್ ಕೊಡೋ ತಾಪತ್ರಯವೇ ಇರಲ್ಲ. ಮೊದಲು ಅವರು ಊಟ ಮಾಡ್ಲಿ, ಮಾತ್ರೆ ನುಂಗ್ಲಿ. ಮಿಕ್ಕಿದ್ದು ಆಮೇಲೆ."

ಬಲವಾದ ವಾದ. ಬೇರೆ ದಿನವಾಗಿದ್ದರೆ ನನ್ನ ಬಾಯಲ್ಲೇ ಬರುತ್ತಿತ್ತು.

"ಬೇಡಕ್ಕಾ," ಅಂದೆ. "ಅವರು ಇಷ್ಟು ದಿನ ತಗೊಂಡಿದ್ದೇ ಅದು ಡಬ್ಬೀಲಿ ಬಂತು ಅಂತ. ಒಂದು ಮನೆಯಿಂದ ಇನ್ನೊಂದು ಮನೆಗೆ ಬಂದ ಹಾಗೆ. ಕವರಲ್ಲಿ ಕೊಟ್ರೆ, ನೀವು ಕೊಡೋಕೆ ಇರೋರಲ್ಲ, ಇಸ್ಕೊಳ್ಳೋಕೆ ಮಾತ್ರ ಇರೋರು ಅಂತ ನಾವೇ ಹೋಗಿ ಹೇಳಿದ ಹಾಗಾಗುತ್ತೆ. ಅವರು ಬಾಗ್ಲು ಹಾಕ್ಕೊಂಡಿದ್ದು ಯಾಕೆ? ಅವರು ಕೊಟ್ಟಿದ್ದನ್ನ ನಾವು ತಿನ್ನಲ್ಲ ಅಂತ. ಉತ್ತರ ಕೊಡಬೇಕಾಗಿರೋದು ಅದಕ್ಕೆ."

"ವಕೀಲಮ್ಮ," ಅಂದ ಹುಡುಗ, ತಲೆ ಎತ್ತದೆ, "ನೀನೀಗ ಪರಾನೋ ವಿರೋಧಾನೋ?"

"ನಂಗೂ ಗೊತ್ತಿಲ್ಲ. ಸುಮ್ನಿರು."

"ಇಬ್ರೂ ಹೋಗಿ ನಾಳೆ," ಅಂದಳು ಶಿಫ್ಟ್ ಅಕ್ಕ. "ಬಕೆಟ್ಟು ಇಲ್ಲೇ ಇರ್ಲಿ. ಇನ್ಮೇಲೆ ಡಬ್ಬಿ ಮುಚ್ಚಳ ತೆಗೆಯೋದು ಈ ಹಿತ್ತಲಲ್ಲೇ, ನೋಡ್ಕೊಂಡು."

ಅವನು ಬರೋಲ್ಲ ಅಂದ. ಯಾವ ಮುಖ ಇಟ್ಕೊಂಡು ಹೋಗ್ಲಿ ಅಂದ. ಮಾರನೇ ದಿನ ಮಾತ್ರ ನನಗಿಂತ ಮುಂಚೆ ಆಟೋದಲ್ಲಿ ಕೂತಿದ್ದ.

ವಠಾರದ ನಲ್ಲಿ ಹತ್ತಿರ ಆಟೋ ನಿಲ್ಲಿಸಿ, ಡಬ್ಬಿ ನಾನು ಹಿಡಿದುಕೊಂಡೆ. ಮುದ್ದೆ, ಹುರುಳಿಕಾಳಿನ ಬಸ್ಸಾರು. ಶಿಫ್ಟ್ ಅಕ್ಕನಿಗೆ ಆ ವಾರ ಫಸ್ಟ್ ಶಿಫ್ಟು, ಅಡಿಗೆ ನಮ್ಮದೇ. ಮಂಡಿ ಅಕ್ಕ ಬಾಗಿಲು ತೆರೆದು, ಅವನನ್ನು ನೋಡಿ, ಪಾಪ, ತಾವೇ ಮುಜುಗರಪಟ್ಟುಕೊಂಡರು.

ಅವನು ಮುಂಚೆ ಯೋಚಿಸಿಟ್ಟುಕೊಂಡಿದ್ದೆಲ್ಲ ಮರೆತ ಅಂತ ಕಾಣುತ್ತೆ. ನಿಂತಲ್ಲೇ, "ಅಕ್ಕಾ, ಕಡ್ಲೆಕಾಯಿ ಬೀಜ ಇನ್ನೂ ಇದ್ಯಾ?" ಅಂದ.

"ಯಾಕೆ?"

"ತಿನ್ನೋಕೆ."

ಅವರು ಅವನನ್ನು ನೋಡಿದರು. ನನ್ನನ್ನು ನೋಡಿದರು. ನಾನು ಹೇಳಿಕೊಟ್ಟು ಕರಕೊಂಡು ಬಂದೆನಾ ಅಂತ ಅಳೆಯುತ್ತಿದ್ದಾರೆ ಅಂತ ನನಗೆ ಗೊತ್ತಾಯಿತು. "ಆಗೋಯ್ತು," ಅಂದರು. "ಇದ್ದಿದ್ದೇ ಅಷ್ಟು."

"ಬೇರೆ ಏನಿದೆ?"

"ಏಯ್," ಅಂದೆ ನಾನು ಮೆಲ್ಲಗೆ. ಹಾಗೆ ಕೇಳಬಾರದಲ್ಲ ಅನಾರೋಗ್ಯದ ಮನೆಯಲ್ಲಿ. ಆದರೆ ಅವರ ಮುಖದಲ್ಲಿ ಏನೋ ಸಡಿಲವಾಯಿತು. ಮನೆಗೆ ಬಂದ ತಮ್ಮನೊಬ್ಬ ಅಡಿಗೆಮನೆ ಇಣುಕಿ ಕೇಳಿದರೆ ಆಗೋ ಹಾಗೆ.

"ಹುರಿಹಿಟ್ಟಿದೆ. ತಿಂತೀಯಾ?"

"ತಿಂತೀನಿ."

"ಈ ಮನೇದು."

"ನಿಮ್ಮ ಮನೇದೇ ಅಕ್ಕಾ. ಬೇರೆ ಯಾರ ಮನೇದು ಇಲ್ಲಿರುತ್ತೆ?"

ಅವರು ಗೋಡೆ ಹಿಡಿದು ಎದ್ದರು. ನಾನು ಸಹಾಯಕ್ಕೆ ಏಳಹೋದರೆ ಕೈಯಲ್ಲೇ ಕೂರು ಅಂದರು. ಮೊದಲು ಒಂದು ಲೋಟ ನೀರು ಕೊಟ್ಟರು ಅವನಿಗೆ, ಕೊಟ್ಟು ಅಲ್ಲೇ ನಿಂತರು. ಅವನು ಲೋಟ ಕಚ್ಚಿಕೊಂಡು ಪೂರ್ತಿ ಕುಡಿದ. ಆಮೇಲೆ ತಟ್ಟೆಯಲ್ಲಿ ಹುರಿಹಿಟ್ಟು, ಬೆಲ್ಲದ ಪುಡಿ, ನೀರು ಚಿಮುಕಿಸಿ ಬೆರಳಲ್ಲೇ ಕಲಸಿದರು. ತಮ್ಮ ಬೆರಳಲ್ಲೇ, ನಮ್ಮನ್ನು ನೋಡಿಕೊಂಡೇ. ಎರಡು ಉಂಡೆ ಮಾಡಿ ಒಂದು ಅವನಿಗೆ, ಒಂದು ನನಗೆ.

ನಾನು ಇಲ್ಲಿ ಸುಳ್ಳು ಬರೆಯಲಾರೆ. ಡಾಕ್ಟರು ಹೇಳಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಉಂಡೆ ಕೈಗೆ ಬಂದಾಗ ಅದನ್ನು ಒಂದು ಸಲ ತಿರುಗಿಸಿ ನೋಡಿದೆ. ಅವರು ಅವನನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ಬಾಯಿಗೆ ಹಾಕಿಕೊಂಡೆ. ಹುರಿದ ರಾಗಿಯ ಪರಿಮಳ, ಎಲ್ಲೋ ಏಲಕ್ಕಿ. ಹುರಿಹಿಟ್ಟು ಅಂಗುಳಿಗೆ ಅಂಟಿಕೊಂಡು ಮಾತಾಡೋಕೆ ಆಗದೆ, "ಚೆನ್ನಾಗಿದೆ" ಅಂತ ತಲೆ ಆಡಿಸಿದೆ.

"ಇವಳ ಬಾಯಿ ಮುಚ್ಚಿಸಿದ್ದು ನೀವೊಬ್ರೇ ಅಕ್ಕಾ," ಅಂದ ಅವನು, ಅವನ ಹಲ್ಲಿಗೂ ಹಿಟ್ಟು ಅಂಟಿತ್ತು. "ನಾಳೆನೂ ಒಂದು ಕೊಟ್ಬಿಡಿ."

ಮಂಡಿ ಅಕ್ಕ ಕೂತರು. ನಮ್ಮ ಡಬ್ಬಿಯನ್ನು ಹತ್ತಿರ ಎಳೆದುಕೊಂಡರು, ಮುಚ್ಚಳ ತೆಗೆಯಲಿಲ್ಲ. ಅವನ ಕಡೆ ನೋಡದೆ ಕೇಳಿದರು: "ಅವತ್ತು ಯಾಕೆ ಸುರಿದೆ?"

ನಾನು ಬಾಯಿ ತೆರೆದೆ. ಅವನಿಗಾಗಿ ಉತ್ತರ ನನ್ನ ಹತ್ತಿರ ತಯಾರಿತ್ತು: ನಿಯಮ, ಬಿಸಿಲು, ಹುಳಿತ ವಾಸನೆ, ಪಕ್ಕದ ಮನೆ ಹಸು. ಅವನು ನನ್ನ ಕಡೆ ಕೈ ಅಡ್ಡ ಹಿಡಿದ.

"ನೋಡ್ಲಿಲ್ಲ ಅಕ್ಕಾ," ಅಂದ. "ಕಾಯಿಲೆಗೆ ಹೆದರಿ ಅಲ್ಲ. ಒಳಗೆ ಏನಾದ್ರೂ ಇರುತ್ತೆ ಅಂತ ಅಂದ್ಕೊಂಡೇ ಇರ್ಲಿಲ್ಲ."

ಹೊರಗೆ ಯಾರೋ ನಲ್ಲಿ ಕೆಳಗೆ ಬಿಂದಿಗೆ ಇಟ್ಟರು, ನೀರು ಬೀಳೋ ಸದ್ದು ಶುರುವಾಯಿತು. "ಅಷ್ಟು ಕಷ್ಟಪಟ್ಟು ಸಿಪ್ಪೆ ಉಜ್ಜಿದ್ದೆ ಕಣೋ," ಅಂದರು ಮಂಡಿ ಅಕ್ಕ, ಬೈಗುಳದ ದನಿಯಲ್ಲಿ. ಅವರು ಅವನನ್ನು ಕಣೋ ಅಂತ ಗದರಿದ್ದು ಅದೇ ಮೊದಲು. ಅವನ ಕಣ್ಣು ತುಂಬಿಕೊಂಡಿತು. ತಲೆ ತಗ್ಗಿಸಿ ತಟ್ಟೆಯಲ್ಲಿ ಉಳಿದಿದ್ದ ಹಿಟ್ಟಿನ ಪುಡಿಯನ್ನು ಬೆರಳಿಂದ ಒತ್ತಿ ಒತ್ತಿ ತಿಂದ.

ಆಗ ಅವರು ಮುಚ್ಚಳ ತೆಗೆದರು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದರು. ಮೊದಲ ತುತ್ತು ಇಳಿಯೋಕೆ ಹೊತ್ತು ಹಿಡಿಯಿತು. ಎರಡನೆಯದು ಬೇಗ. ನಾವು ಅಲ್ಲಿ ಇರಬೇಕೋ ಹೊರಡಬೇಕೋ ತಿಳಿಯದೆ ಕೂತಿದ್ದೆವು. ಅರ್ಧ ಮುದ್ದೆ ಆದ ಮೇಲೆ ನಿಲ್ಲಿಸಿ, ಗೂಡಿನಿಂದ ಮಾತ್ರೆ ಪಟ್ಟಿ ತೆಗೆದುಕೊಡು ಅಂತ ನನಗೆ ಸನ್ನೆ ಮಾಡಿದರು. ಕೊಟ್ಟೆ. ದೊಡ್ಡ ಕೆಂಪು ಮಾತ್ರೆಗಳು. ಒಂದೊಂದಾಗಿ ನುಂಗಿದರು, ಕಣ್ಣು ಮುಚ್ಚಿ, ಪ್ರತಿ ಸಲ ಮುಖ ಕಿವಿಚಿಕೊಂಡು. ಆಮೇಲೆ ಎದೆ ಮೇಲೆ ಕೈ ಇಟ್ಟುಕೊಂಡು ಕಾದರು. ನಾವೂ ಕಾದೆವು. ಏನೂ ಆಚೆ ಬರಲಿಲ್ಲ.

ಸರ್ಕಾರ ಮಾಡಬೇಕಾದ ಕೆಲಸವನ್ನು ಕಾಲೇಜು ಹುಡುಗರು ಆಟೋದಲ್ಲಿ ಮಾಡಬಾರದು ಅಂತ ನಾನು ಇವತ್ತೂ ವಾದಿಸುತ್ತೇನೆ. ಯಾರು ಬೇಕಾದರೂ ಬರಲಿ, ಗೆಲ್ಲುತ್ತೇನೆ. ಆದರೆ ಆ ಹೊತ್ತಿಗೆ ನನಗೆ ಇದ್ದುದು ಒಂದೇ ಯೋಚನೆ: ಆ ಮಾತ್ರೆಗಳು ಒಳಗೇ ಉಳೀಲಿ.

ಉಳಿದವು. ಅವರು ಮಿಕ್ಕ ಮುದ್ದೆಯನ್ನೂ ಎಳೆದುಕೊಂಡರು.

ಹೊರಡುವಾಗ ಗೂಡಿನ ಡಬ್ಬಿಗಳನ್ನು ನಮ್ಮ ಎರಡು ಕೈಗೂ ಪೇರಿಸಿದರು. ಎಲ್ಲದರಲ್ಲೂ ಹಾಕೋಕೆ ಅವರ ಹತ್ತಿರ ಏನಿತ್ತು? ಮೇಲಿನ ಒಂದರಲ್ಲಿ ಹುರಿಹಿಟ್ಟು ತುಂಬಿ, "ಒಲೆ ಮುಂದೆ ನಿಲ್ತಾಳಲ್ಲ ನಿಮ್ಮಕ್ಕ, ಅವಳಿಗೆ" ಅಂದರು. ಮಿಕ್ಕವು ಖಾಲಿ.

ಆಟೋ ಸ್ಟಾರ್ಟ್ ಆಗುವಾಗ ಬಾಗಿಲಿಂದ ಅವರು ಕೂಗಿದರು. ಇಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ. ಅವನು ಗಾಬರಿಯಾಗಿ ಇಂಜಿನ್ ಆಫ್ ಮಾಡಿದ. ನಾನು ಇಳಿದು ಅರ್ಧ ದಾರಿ ಓಡಿದೆ.

"ಏನಕ್ಕಾ? ವಾಂತಿ ಬಂತಾ?"

"ಬಸ್ಸಾರಿಗೆ ಉಪ್ಪೇ ಇಲ್ಲ ಅಂದೆ!" ಅಂದರು ಮಂಡಿ ಅಕ್ಕ, ಬಾಗಿಲ ಚೌಕಟ್ಟು ಹಿಡಿದುಕೊಂಡು. "ಯಾರು ಮಾಡಿದ್ದು ಇವತ್ತು? ನಾಳೆ ಸರಿಯಾಗಿ ಹಾಕಿ ತಗೊಂಡು ಬನ್ನಿ."